ತೂಕ ತಪ್ಪದ ಗಟ್ಟಿ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಡವೆ ಕಾರ್ಖಾನೆಯ ಮಾಲೀಕ ಕರವಸ್ತ್ರದ ಗಂಟು ಹಿಡಿದು ಠಾಣೆಗೆ ಬಂದ. ಇನ್‌ಸ್ಪೆಕ್ಟರ್‌ನ ಮೇಜಿನ ಮೇಲೆ ಅದನ್ನು ಬಿಚ್ಚಿದ. ಒಳಗೆ ಬಳೆ ಮಾಡಲು ತಟ್ಟಿದ ಚಿನ್ನದ ಪಟ್ಟಿಗಳಿದ್ದವು. ಪ್ರತಿಯೊಂದೂ ಅಂಚಿನಿಂದ ನಡುವಿನವರೆಗೆ ಸೀಳಿತ್ತು.

"ತಿಂಗಳಲ್ಲಿ ಮೂರನೇ ಸಲ ಸಾರ್. ರೋಲರ್‌ಗೆ ಕೊಟ್ರೆ ಬಿಸ್ಕತ್ತಿನ ಹಾಗೆ ಒಡೆಯುತ್ತೆ. ಯಾರೋ ಚಿನ್ನ ಕದ್ದು ಏನೋ ಬೆರೆಸ್ತಿದಾರೆ."

"ತೂಕ?"

"ಸರಿಯಾಗಿದೆ."

"ಮತ್ತೆ ಕದ್ದಿದ್ದೇನು?"

ಆಸ್ತಿಗೆ ಹಾನಿ, ಆರೋಪಿ ಅಪರಿಚಿತ ಎಂದು ಎಫ್‌ಐಆರ್ ದಾಖಲಾಯಿತು. ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್ ಅನುಮಾನಪ್ಪ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸ್ವಂತ ಗಡಿಯಾರವನ್ನೂ ಗೋಡೆಯ ಗಡಿಯಾರ ನೋಡಿಯೇ ನಂಬುವ ಪ್ರಾಣಿಯಾದ್ದರಿಂದ ಠಾಣೆಯವರು ಇಟ್ಟದ್ದು.

ಮಧ್ಯಾಹ್ನ ಹನ್ನೆರಡೂ ಕಾಲಿಗೆ ಎರಕದ ಕೋಣೆಯ ಪಂಚನಾಮೆ ನಡೆಯಿತು. ಕುಲುಮೆ, ಮೂಸೆ, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ, ಬೆಳ್ಳಿ ತಾಮ್ರದ ಎರಡು ಡಬ್ಬಿ. ಮೂವತ್ತೊಂದು ವರ್ಷಗಳಿಂದ ಅಲ್ಲಿ ಲೋಹ ಕರಗಿಸುತ್ತಿದ್ದ ಮುದುಕನನ್ನು ಕಾರ್ಖಾನೆಯವರೆಲ್ಲ ಮಾವ ಎನ್ನುತ್ತಿದ್ದರು.

"ಚಿನ್ನಕ್ಕೆ ಬೇರೆ ಲೋಹ ಯಾಕೆ ಹಾಕ್ತೀರಿ?" ಇನ್‌ಸ್ಪೆಕ್ಟರ್ ಕೇಳಿದ.

"ಅಪ್ಪಟ ಚಿನ್ನ ತೀರಾ ಮೆತ್ತಗೆ ಸಾರ್, ಒಡವೆ ಆಕಾರ ನಿಲ್ಲಲ್ಲ. ನೂರು ಗ್ರಾಂ ಗಟ್ಟೀಲಿ ತೊಂಬತ್ತೊಂದು ಪಾಯಿಂಟ್ ಆರು ಚಿನ್ನ. ಉಳಿದದ್ದರಲ್ಲಿ ಅರ್ಧ ಬೆಳ್ಳಿ, ಅರ್ಧ ತಾಮ್ರ."

"ಹಾಗಾದ್ರೆ ಒಡೆಯೋದ್ಯಾಕೆ?"

"ತಾಮ್ರ ಕೆಟ್ಟದ್ದು ಬಂದಿರಬೇಕು." ಮಾವ ಮುಖ ತಿರುಗಿಸಿಕೊಂಡ.

ಪಟ್ಟಿ, ಬೆಳ್ಳಿ, ತಾಮ್ರ ಮೂರರ ಮಾದರಿಗಳೂ ಮೊಹರಾಗಿ ಪ್ರಯೋಗಾಲಯಕ್ಕೆ ಹೋದವು. ಒಡೆದ ಚಿನ್ನವನ್ನು ಮಾಲೀಕ ಶುದ್ಧ ಮಾಡಿಸಲು ಕಳಿಸಿದ.

ಗುರುವಾರ ಮೂರು ಗಂಟೆಗೆ ವರದಿ ಬಂತು. ಡಬ್ಬಿಯ ತಾಮ್ರದಲ್ಲಿ ದೋಷವಿಲ್ಲ. ಪಟ್ಟಿಯಲ್ಲಿ ಚಿನ್ನ ಸರಿ, ಬೆಳ್ಳಿ ಸರಿ. ತಾಮ್ರ ಮಾತ್ರ ನಾಲ್ಕು ಪಾಯಿಂಟ್ ಎರಡರ ಬದಲು ನಾಲ್ಕು. ಉಳಿದ ಪಾಯಿಂಟ್ ಎರಡು ಸೀಸ. ಅಷ್ಟು ಸೀಸ ಸೇರಿದರೆ ಸಾಕು, ಚಿನ್ನದ ಕಣಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ ಎಂದು ಪ್ರಯೋಗಾಲಯದವರು ಫೋನಿನಲ್ಲಿ ತಿಳಿಸಿದರು.

ಅನುಮಾನಪ್ಪ ಅಷ್ಟರಲ್ಲಿ ಕೆಲಸಗಾರರ ಜೊತೆಗೆ ಮಾಲೀಕನನ್ನೂ ಸೇರಿಸಿ ಹತ್ತು ಜನರ ಪಟ್ಟಿ ಮಾಡಿಟ್ಟಿದ್ದ. ಇನ್‌ಸ್ಪೆಕ್ಟರ್ ಅದನ್ನು ಪಕ್ಕಕ್ಕೆ ಸರಿಸಿದ.

"ಹಾಳು ಮಾಡೋನು ಸೀಸ ಎಸೆದು ಹೋಗ್ತಾನೆ. ಅಷ್ಟೇ ತೂಕದ ತಾಮ್ರ ತೆಗೆದಿಡೋನು ಯಾರು?"

ಅನುಮಾನಪ್ಪ ಪಟ್ಟಿಯಲ್ಲಿದ್ದ ಮಾವನ ಹೆಸರಿನ ಮೇಲೆ ಬೆರಳಿಟ್ಟ. "ತಕ್ಕಡಿ ಮುಂದೆ ಕೂರೋನು. ತೂಕ ತಪ್ಪಿದ ಗಟ್ಟಿ ಇಳಿಸೋಕೆ ಅವನಿಗೆ ಕೈ ಬಂದಿಲ್ಲ ಸಾರ್."

ಶುಕ್ರವಾರ ಹತ್ತು ಗಂಟೆಗೆ ಮಾವನನ್ನು ಠಾಣೆಗೆ ಕರೆಸಿದರು. ವರದಿ ಓದಿ ಹೇಳಿದ ಮೇಲೆ ಅವನು ವಾದಕ್ಕಿಳಿಯಲಿಲ್ಲ.

"ಯಾಕೆ ಯಜಮಾನ್ರೇ?" ಇನ್‌ಸ್ಪೆಕ್ಟರ್ ಕೇಳಿದ.

"ನನ್ನ ಮಗಳು ಅದೇ ಕಾರ್ಖಾನೇಲಿ ಬೆಸುಗೆಗೆ ಕೂರ್ತಾಳೆ. ಬೆಸುಗೆಗೆ ಕ್ಯಾಡ್ಮಿಯಂ ಹಾಕ್ತಾರೆ, ಬೇಗ ಕರಗಿ ಹರಿಯಲಿ ಅಂತ. ಅದರ ಹೊಗೆ ವಿಷ. ಎದೆ ಅರ್ಧ ಹೋಗಿದೆ ಅಂದ್ರು ಡಾಕ್ಟ್ರು. ಬೇರೆ ಬೆಸುಗೆ ತರಿಸಿ, ಹೊಗೆ ಹೋಗೋಕೆ ಫ್ಯಾನಾದ್ರೂ ಹಾಕಿ ಅಂತ ಮೂರು ಸಲ ಕೇಳ್ದೆ. ಧಣಿ ಕಿವಿಗೆ ಹಾಕ್ಕೊಳ್ಳಲಿಲ್ಲ. ಒಂದು ಸಲ ಗಟ್ಟಿ ಒಡೆದ್ರೆ ಶುದ್ಧ ಮಾಡ್ಸೋಕೆ ನಾಲ್ಕು ದಿನ, ಅಲ್ಲೀವರೆಗೆ ಬೆಸುಗೆ ಕೆಲಸ ನಿಲ್ಲುತ್ತೆ. ಆ ನಾಲ್ಕು ದಿನ ಅವಳು ಹೊಗೆ ಕುಡಿಯಲ್ಲ."

"ಕೆಲಸ ಬಿಡಿಸಬಹುದಿತ್ತಲ್ಲ?"

"ಬಿಟ್ಟು ಪಕ್ಕದ ಬೀದಿ ಕಾರ್ಖಾನೆಗೆ ಹೋಗಿದ್ಲು. ಅಲ್ಲೂ ಅದೇ ಹೊಗೆ, ವಾಪಸ್ ಬಂದ್ಲು. ಅವಳಿಗೆ ಬರೋದು ಇದೊಂದೇ. ಕಲಿಸಿ ಕೂರಿಸಿದೋನೂ ನಾನೇ."

"ದೂರು ಕೊಡಿ, ನಾನು ಬರ್ಕೋತೀನಿ."

"ಅವಳೇ ಬೇಡ ಅಂತಾಳೆ ಸಾರ್. ಆಮೇಲೆ ಯಾರೂ ಹತ್ತಿರ ಸೇರಿಸಲ್ಲ ಅಂತಾಳೆ."

ಹನ್ನೊಂದು ನಲವತ್ತಕ್ಕೆ ಬಂಧನ ದಾಖಲಾಯಿತು. ಕಾರಣ ಎಂಬ ಜಾಗದಲ್ಲಿ 'ಮಗಳ ಕಾಯಿಲೆ' ಎಂದು ಇನ್‌ಸ್ಪೆಕ್ಟರ್ ಬರೆದ. ಸೀಸ ಹಾಕಿದವನಿಗೆ ಕಾನೂನಿನ ಕಲಮು ಸಿಕ್ಕಿತ್ತು. ಹೊಗೆ ಕುಡಿಸುತ್ತಿರುವವನು ಫಿರ್ಯಾದಿಯಾಗಿದ್ದ. ಇನ್‌ಸ್ಪೆಕ್ಟರ್‌ಗೆ ತನ್ನ ಕೆಲಸದ ಮೇಲೇ ಹೇಸಿಗೆಯಾಯಿತು.

ಸಂಜೆ ನಾಲ್ಕೂ ಹತ್ತಕ್ಕೆ ಮಾಲೀಕ ಫೋನ್ ಮಾಡಿ ಧನ್ಯವಾದ ಹೇಳಿದ. ಶುದ್ಧವಾಗಿ ಬಂದ ಚಿನ್ನವನ್ನು ಹೊಸಬನೊಬ್ಬ ಕರಗಿಸಿದ್ದ.

ಲಾಕಪ್ಪಿನೊಳಗಿಂದ ಮಾವ ಕೂಗಿದ. "ಕಾರ್ಖಾನೆಯಿಂದ ಫೋನಾ ಸಾರ್? ಇವತ್ತಿನ ಗಟ್ಟಿ ಹೇಗೆ ಬಂತಂತೆ?"

ಇನ್‌ಸ್ಪೆಕ್ಟರ್ ಸುಳ್ಳು ಹೇಳಲು ನೋಡಿದ. ಆಗಲಿಲ್ಲ.

"ಚೆನ್ನಾಗಿ ಬಂದಿದೆಯಂತೆ. ಒಂದೂ ಒಡೆದಿಲ್ಲ."

"ಹಾಗಾದ್ರೆ ಅವಳು ಬೆಸುಗೆಗೆ ಕೂತಾಯ್ತು," ಎಂದ ಮಾವ ಅಲ್ಲೇ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.