ಪಕ್ಕದ ಸೀಟಿನ ಬ್ರೇಕ್

"ಕಣ್ಣು ಬಿಡಿ ಮೇಡಂ. ಗಾಡಿ ನಿಂತಿದೆ."

ಅವಳು ಕಣ್ಣು ಬಿಟ್ಟಳು. ಕಾರಿನ ಮೂತಿ ಎದುರಿನ ವ್ಯಾನಿಗೆ ಗೇಣು ದೂರದಲ್ಲಿ ನಿಂತಿತ್ತು. ಹಿಂದಿನಿಂದ ಹಾರ್ನ್‌ಗಳ ಸುರಿಮಳೆ. ಪಕ್ಕದಲ್ಲಿದ್ದ ಡ್ರೈವಿಂಗ್ ಮೇಷ್ಟ್ರು ಮಾತ್ರ ಏನೂ ಆಗದವನ ಹಾಗೆ ಕೂತಿದ್ದ. ಮೇಷ್ಟ್ರು ಅಂದರೆ ವಯಸ್ಸಾದವನೇನಲ್ಲ, ಅವಳಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು.

"ನಾನು ಬ್ರೇಕ್ ಹಾಕ್ಲೇ ಇಲ್ಲ..."

"ನಾನು ಹಾಕ್ದೆ. ಕಲಿಯೋರ ಗಾಡೀಲಿ ಪಕ್ಕದವರ ಕಾಲಡಿಗೂ ಒಂದು ಬ್ರೇಕ್ ಇರುತ್ತೆ. ಈಗ ಹೇಳಿ, ಕಣ್ಣು ಯಾಕೆ ಮುಚ್ಚಿದ್ರಿ?"

ಮೊದಲ ದಿನವೇ ಈ ಪ್ರಶ್ನೆಯೇ? ಅಳುವೂ ಬಂತು, ಸಿಟ್ಟೂ ಬಂತು. ಆದರೂ ಹೇಳಿದಳು. ಹೋದ ವರ್ಷ ಅಣ್ಣನ ಕಾರನ್ನು ಕಂಬಕ್ಕೆ ಗುದ್ದಿಸಿದ್ದಳು. ಹಿಂದೆ ಕೂತಿದ್ದ ಅಮ್ಮನ ಭುಜದ ಮೂಳೆ ಮುರಿದಿತ್ತು. ಅಮ್ಮ ಅದನ್ನು ಎಂದೋ ಮರೆತಳು. ಅಣ್ಣ ಮಾತ್ರ ಕೂತರೂ ನಿಂತರೂ ಅದೇ ರಾಗ: ನಿನ್ನ ಕೈಗೆ ಸ್ಟೀರಿಂಗ್ ಕೊಟ್ಟಿದ್ದೇ ತಪ್ಪು.

"ಆದ್ರೂ ಕಲೀಲೇಬೇಕಾ?" ಮೇಷ್ಟ್ರು ಕೇಳಿದ.

"ಕಲೀಲೇಬೇಕು."

ಅವಳು ನರ್ಸ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ ಸಿಕ್ಕಿತ್ತು, ಕಾರು ಆಸ್ಪತ್ರೆಯದು. ಆದರೆ ಈ ತಿಂಗಳೊಳಗೆ ಲೈಸೆನ್ಸ್ ತರದಿದ್ದರೆ ಕೆಲಸ ಬೇರೆಯವರ ಪಾಲು.

ಅವನು ಅವಳತ್ತ ತಿರುಗಿದ. "ಸೂಜಿಗೆ ಹೆದರೋ ರೋಗಿಗೆ ಏನು ಮಾಡ್ತೀರಿ?"

"ಮಾಡೋದನ್ನೆಲ್ಲ ಮೊದಲೇ ಹೇಳ್ತೀನಿ. ಈಗ ಒರೆಸ್ತೀನಿ, ಈಗ ಚುರುಕ್ ಅನ್ನುತ್ತೆ, ಮುಗೀತು... ಹೀಗೆ."

"ಅದನ್ನೇ ನಿಮಗೆ ನೀವು ಹೇಳ್ಕೊಳ್ಳಿ. ಕೈ ನಡುಗಿದ್ರೆ ನಡುಗ್ಲಿ, ಬಾಯಿ ನಿಲ್ಲಬಾರದು."

ಅಂದಿನಿಂದ ಕಾರಿನ ತುಂಬ ಅವಳದೇ ವರದಿ. "ಈಗ ಕ್ಲಚ್ ಒತ್ತುತ್ತೀನಿ... ಕನ್ನಡಿ ನೋಡ್ತೀನಿ... ತಾತ ರಸ್ತೆ ದಾಟ್ತಿದಾರೆ, ನಿಧಾನ..." ನಡುನಡುವೆ ವಾರ್ಡಿನ ಸುದ್ದಿ, ಅಮ್ಮನ ಸುದ್ದಿ. ಅವನು ನಗುತ್ತಿದ್ದ. ಆ ನಗು ಕೇಳುವ ಆಸೆಗೇ ಅವಳು ಬೆಳಗಾಗುವುದನ್ನು ಕಾಯತೊಡಗಿದ್ದಳು. ತನಗೆ ತಾನೇ ಒಪ್ಪಿಕೊಂಡಿರಲಿಲ್ಲ, ಅಷ್ಟೇ.

ಒಂದು ದಿನ ಸೈಕಲ್ಲಿನವನೊಬ್ಬ ಅಡ್ಡ ಬಂದ. ಗಾಡಿ ಗಕ್ಕನೆ ನಿಂತಿತು.

"ಥ್ಯಾಂಕ್ಸ್ ಮೇಷ್ಟ್ರೇ, ನೀವಿಲ್ದಿದ್ರೆ ಏನು ಗತಿ..."

ಅವನು ಗಾಡಿಯನ್ನು ಸ್ಕೂಲಿನ ಕಡೆ ತಿರುಗಿಸಲು ಹೇಳಿದ. ಮುಖ ಕಳೆಗುಂದಿತ್ತು. ಗಾಡಿಯಿಂದಿಳಿದು ನೆಟ್ಟಗೆ ಡ್ರೈವಿಂಗ್ ಸ್ಕೂಲಿನ ಯಜಮಾನಿಯ ಕೋಣೆಗೆ ಹೋದ. ಅವನು ಗಾಡಿಯಲ್ಲೇ ಮರೆತ ಕನ್ನಡಕ ಕೊಡಲು ಹಿಂದೆಯೇ ಹೋದ ಅವಳಿಗೆ ಬಾಗಿಲಲ್ಲಿ ಅವನ ದನಿ ಕೇಳಿಸಿತು.

"ಅಕ್ಕಾ, ನರ್ಸ್ ಮೇಡಂನ ನಾಳೆಯಿಂದ ದೊಡ್ಡಪ್ಪನ ಗಾಡಿಗೆ ಹಾಕಿ. ನನ್ನ ಕೈಲಿ ಆಗಲ್ಲ."

*ನನ್ನ ಕೈಲಿ ಆಗಲ್ಲ...* ಅಣ್ಣನ ಮಾತೇ ನಿಜವಾಯಿತಲ್ಲ. ಇವನೂ ಕೈಬಿಟ್ಟನಲ್ಲ!

ಮನೆಗೆ ಹೋಗಿ ಅತ್ತಳು. ಮುಖ ತೊಳೆದುಕೊಂಡಳು. ಮರುದಿನ ದೊಡ್ಡಪ್ಪನ ಗಾಡಿ ಹತ್ತಿದಳು. ಇಲ್ಲಿಗೇ ಬಿಟ್ಟರೆ ತಾನು ಆಡಿಕೊಳ್ಳುವವರ ಬಾಯಿಗೆ ಬಿದ್ದಂತೆಯೇ ಎಂದು ಅವಳಿಗೆ ಗೊತ್ತಿತ್ತು.

ದೊಡ್ಡಪ್ಪ ಯಾರ ದೊಡ್ಡಪ್ಪನೂ ಅಲ್ಲ. ಬಸ್ಸು ಓಡಿಸಿ ನಿವೃತ್ತರಾದ ಹಿರಿಯರನ್ನು ಇಡೀ ಸ್ಕೂಲು ಹಾಗೆ ಕರೆಯುತ್ತಿತ್ತು. ಅವರು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ದೊಡ್ಡಪ್ಪ, ಕಾಲು ಕೆಳಗಿಡಿ..."

"ಇಳಿಬಿಟ್ರೆ ಮಂಡಿನೋವಮ್ಮ. ನೀನಿದೀಯಲ್ಲ, ಓಡ್ಸು."

ತಿರುವು ಬಂತು. ಅವಳ ಕಣ್ಣು ತಾನಾಗಿಯೇ ಪಕ್ಕದವರ ಕಾಲಿನ ಕಡೆ ಹೊರಳಿತು. ಅಲ್ಲಿ ಕಾಲೇ ಇರಲಿಲ್ಲ. ವಿಧಿಯಿಲ್ಲದೆ ರಸ್ತೆ ನೋಡಿದಳು, ಗಾಡಿ ತಿರುಗಿತು. ಮರುದಿನ ಇನ್ನೊಂದು ತಿರುವು, ಅದರ ಮರುದಿನ ಸಂತೆಯಂಥ ವೃತ್ತ.

ಟೆಸ್ಟಿನ ದಿನ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕಾದಾಗ ಕೈ ನಡುಗಿತು. ಕಂಬ ಕಣ್ಣ ಮುಂದೆ ಬಂತು, ಅಮ್ಮ ಚೀರಿದ್ದು ಕೇಳಿಸಿತು. ಕಣ್ಣು ಮಾತ್ರ ಮುಚ್ಚಲಿಲ್ಲ. "ಈಗ ಹ್ಯಾಂಡ್‌ಬ್ರೇಕ್ ಬಿಡ್ತೀನಿ..." ಎಂದು ಪಿಸುಗುಟ್ಟಿದಳು.

"ಯಾರ ಜೊತೆ ಮಾತು?" ಇನ್ಸ್‌ಪೆಕ್ಟರ್ ಕೇಳಿದರು.

"ನನ್ನ ಜೊತೆ ಸರ್."

ಗಾಡಿ ಹಿಂದಕ್ಕೆ ಜಾರಲಿಲ್ಲ. ಅವಳು ಪಾಸಾದಳು.

ಗೇಟಿನ ಬಳಿ ಅವನು ನಿಂತಿದ್ದ. ಅವಳು ನೆಟ್ಟಗೆ ಅವನೆದುರು ಹೋಗಿ ನಿಂತಳು.

"ನಿಮ್ಮ ಕೈಲಿ ಆಗಲ್ಲ ಅಂದ್ರಲ್ಲ ಮೇಷ್ಟ್ರೇ, ನನ್ನ ಕೈಲಿ ಆಯ್ತು."

ಅವನ ಮುಖ ಬಿಳಿಚಿತು. "ಕೇಳಿಸ್ಕೊಂಡ್ರಾ? ನಾನು ಹೇಳಿದ್ದು ನಿಮ್ಮ ಬಗ್ಗೆ ಅಲ್ಲ... ನೀವು ಪ್ರತಿ ತಿರುವಲ್ಲೂ ನನ್ನ ಕಾಲು ನೋಡ್ತಿದ್ರಿ. ನಾನು ಪಕ್ಕದಲ್ಲಿರೋವರೆಗೂ ನಿಮಗೆ ನಿಮ್ಮ ಮೇಲೆ ನಂಬಿಕೆ ಬರಲ್ಲ ಅನ್ನಿಸ್ತು."

"ಅದನ್ನ ನನಗೇ ಹೇಳಬಹುದಿತ್ತು. ಎಷ್ಟು ಅತ್ತಿದೀನಿ ಗೊತ್ತಾ?"

"ತಪ್ಪಾಯ್ತು. ಅದನ್ನ ಹೇಳಿದ್ರೆ ಇನ್ನೊಂದೂ ಹೇಳಬೇಕಾಗ್ತಿತ್ತು." ಅವನು ತಲೆ ತಗ್ಗಿಸಿದ. "ಸೈಕಲ್ಲಿನವನು ಅಡ್ಡ ಬಂದ ದಿನ ಬ್ರೇಕ್ ಹಾಕಿದ್ದು ನಾನಲ್ಲ, ನೀವು. ನಾನು ಅವನನ್ನ ನೋಡ್ಲೇ ಇಲ್ಲ. ನಿಮ್ಮನ್ನ ನೋಡ್ತಿದ್ದೆ."

ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಳು ನಗುವಿನ ಜೊತೆಗೇ ಹೊರಗೆ ಬಂತು.

"ನಾಳೆ ಸಂಜೆ ಮನೆಗೆ ಬನ್ನಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಅಮ್ಮ ನಿಮ್ಮನ್ನ ನೋಡಬೇಕಂತೆ."

"ಅಮ್ಮಂಗೆ... ಗೊತ್ತಾ?"

"ನನಗಿಂತ ಮೊದಲೇ ಗೊತ್ತಾಗಿತ್ತು."