ಕಾಲು ಕಾಣದ ಚಿತ್ರ

"ಬಾಯಕ್ಕಾರ, ನಮ್ಮಪ್ಪನ ಕಾಲು ಯಾರೋ ಕದ್ದಾರ್ರಿ!"

ಮುರಗೋಡದಿಂದ ಮೊದಲ ಬಸ್ಸಿಗೆ ಬಂದ ಮಹಾನಂದಾ ಹೀಗೆ ಕೂಗಿದಾಗ ನನ್ನ ಚಹಾ ಅಂಗಿಯ ಮೇಲೆ ಚೆಲ್ಲಿತು. ನಾನು ಅಲ್ಲಾಸಾಬ, ಮುನವಳ್ಳಿಯ ಟೆಂಪೊ ಡ್ರೈವರ್. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಬಾಯವ್ವ, ಅಂದರೆ ನಮ್ಮೆಲ್ಲರ ಬಾಯಕ್ಕ, ತನಿಖೆಗೆ ಹೊರಟರೆ ನನ್ನ ಗಾಡಿಯೇ ಆಗಬೇಕು. ಗೊಣಗುತ್ತೇನೆ, ಆದರೆ ಹೋಗುತ್ತೇನೆ.

ದಾರಿಯಲ್ಲಿ ಮಹಾನಂದಾ ಎಲ್ಲ ಬಿಡಿಸಿ ಹೇಳಿದಳು. ಅವಳ ಅಪ್ಪ ಬಸವಣ್ಣೆಪ್ಪ ದೊಡ್ಡಾಟದ ಹಳೆಯ ಕಲಾವಿದ. ರಾಕ್ಷಸ ಪಾತ್ರದ ಹದಿನಾರು ಹೆಜ್ಜೆ ಬಲ್ಲವನು ಅವನೊಬ್ಬನೇ, ಯಾರಿಗೂ ಕಲಿಸಿರಲಿಲ್ಲ. ಸಕ್ಕರೆ ಕಾಯಿಲೆಗೆ ಬಲಗಾಲು ಕೊಳೆತು, ಮರುದಿನ ಬೆಳಗಾವಿಯಲ್ಲಿ ಅದನ್ನು ಕತ್ತರಿಸುವವರಿದ್ದರು. ಅದಕ್ಕೇ ಬೈಲಹೊಂಗಲದ ವಾಸೀಮ್ ನಿನ್ನೆ ನಾಲ್ಕು ಕ್ಯಾಮೆರಾ ತಂದು ಮೋಷನ್ ಕ್ಯಾಪ್ಚರ್ ಮಾಡಿದ್ದ. ಅಂದರೆ ಅಜ್ಜನ ಮೈಯ ಚಲನೆಯನ್ನೆಲ್ಲ ಹಿಡಿದು, ಕಂಪ್ಯೂಟರಿನ ಗೊಂಬೆಯನ್ನು ಹಾಗೆಯೇ ಕುಣಿಸುವುದು. ಸಂಜೆ ನೋಡಿದರೆ ನಾಲ್ಕೂ ಚಿತ್ರದಲ್ಲಿ ಸೊಂಟದ ಕೆಳಗೆ ಏನೂ ಇಲ್ಲ!

ಮುರಗೋಡದ ಮನೆಯಲ್ಲಿ ಚಿತ್ರ ತೆಗೆದ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಗೋಡೆಯ ಮೇಲೆ ಅಜ್ಜನ ಹರೆಯದ ಫೋಟೊ, ಟೂರಿಂಗ್ ಟಾಕೀಸಿನಲ್ಲಿ ಸಿನೆಮಾ ಬಿಡುವ ಮಷೀನಿನ ಪಕ್ಕ ನಿಂತದ್ದು. ವಾಸೀಮ್ ಅಳುವುದೊಂದು ಬಾಕಿ.

"ಸಣ್ಣ ಖೋಲ್ಯಾಗ ಆರು ಎಂ.ಎಂ. ಲೆನ್ಸೇ ಬೇಕ್ರಿ, ಅಗಲ ಕಾಣತೈತಿ. ಅದನ್ನ ಹಾಕಿ ತಲಿಯಿಂದ ಕಾಲತನಕಾ ನೋಡಿದ್ದೆ. ಯಾರೋ ಪೆಟ್ಟಿಗ್ಯಾಗಿನ ಹನ್ನೆರಡರ ಲೆನ್ಸ್ ಹಾಕ್ಯಾರ, ಅದರಾಗ ಅರ್ಧಾನ ಕಾಣತೈತಿ."

"ಆಮ್ಯಾಲೆ ಮತ್ತ ನೋಡಲಿಲ್ಲೇನು?" ಬಾಯಕ್ಕ ಕೇಳಿದರು.

"ಕ್ಯಾಮೆರಾ ಮುಟ್ಟಿದ್ರ ಅಳತಿ ತಪ್ಪತೈತ್ರಿ. ದೂರದಿಂದ ಸ್ವಿಚ್ ಒತ್ತಿದೆ. ಅದಕ್ಕೂ ಮುಂಚೆ ಅಜ್ಜಾರು ಗೆಜ್ಜಿ ಪೂಜಿ ಮಾಡತೇನಿ ಅಂದ್ರು, ಅರ್ಧ ತಾಸು ಹೊರಗ ಇದ್ದೆ."

ಬಾಯಕ್ಕ ಚಿತ್ರ ನೋಡಿದರು. ಅಜ್ಜನ ಹಣೆಯ ಬೆವರ ಹನಿಯೂ ಸ್ಪಷ್ಟ. ನನಗಂತೂ ಬಾಗಿಲ ಬಳಿ ನಿಂತಿದ್ದ ಅಜ್ಜನ ಶಿಷ್ಯ ವಿರೂಪಾಕ್ಷನ ಮೇಲೆಯೇ ಅನುಮಾನ. ಹನ್ನೆರಡು ವರ್ಷ ಸೇವೆ ಮಾಡಿದರೂ ಒಂದು ಹೆಜ್ಜೆ ಸಿಕ್ಕಿರಲಿಲ್ಲ, ಪಾಪ, ಸಿಟ್ಟು ಬರದೇ ಇರುತ್ತದೆಯೇ?

"ನನ್ನ ಒಳಗ ಬಿಡಲೇ ಇಲ್ರಿ," ಅಂದ ಅವನು. "ವಾಸೀಮ್ ಒಬ್ಬನ ಇದ್ದ. ನಾ ಹೊರಗ ಕುಂತು ಗೆಜ್ಜಿ ಕೇಳಿದೆ. ಆರನೇ ಹೆಜ್ಜಿಗೆ ತಾಳ ತಪ್ಪಿತು. ಜಾಗಾ ಸಾಲಲಿಲ್ಲೇನೋ ಅನ್ಕೊಂಡೆ."

ಮೂರು ಗಂಟೆಗೆ ಆಸ್ಪತ್ರೆಯ ಗಾಡಿ ಬರುವುದಿತ್ತು. ಅಷ್ಟರೊಳಗೆ ಮತ್ತೊಮ್ಮೆ ಚಿತ್ರ ತೆಗೆಯಬಹುದೆಂದು ಮಹಾನಂದಾ ಬಾಗಿಲಲ್ಲೇ ಕಾಯುತ್ತಿದ್ದಳು. ಬಾಯಕ್ಕ ಎಲ್ಲರನ್ನೂ ಅಜ್ಜನ ಮಂಚದ ಸುತ್ತ ಕೂಡಿಸಿದರು.

"ಲೆನ್ಸ್ ಬದಲಿ ಮಾಡಿದ್ರ ಚಿತ್ರ ಮಸಕಾಗತೈತಿ, ಹೌದಲ್ಲೋ ವಾಸೀಮ್? ಇಲ್ಲಿ ನಾಲ್ಕೂ ಸ್ಪಷ್ಟ ಅದಾವ. ಅಂದ್ರ ಮಾಡಿದವ್ರಿಗೆ ಲೆನ್ಸ್ ತಿರುವಿ ಮಸಕು ತೆಗೆಯೂದು ಗೊತ್ತೈತಿ. ಟಾಕೀಸಿನ ಮಷೀನ್ ನಡಸಿದ ಕೈ ಅದು. ಪೂಜಿ ಹೊತ್ತಿನ್ಯಾಗ ಒಳಗಿದ್ದವ್ರೂ ಒಬ್ರೇ. ತಾಳ ತಿಳಿದ ವಿರೂಪಾಕ್ಷನ್ನ ಹೊರಗ ಹಾಕಿದ್ರು, ತಿಳೀದ ವಾಸೀಮನ್ನ ಇಟ್ಕೊಂಡ್ರು. ಯಾಕ್ರಿ ಬಸವಣ್ಣೆಪ್ಪಾರ? ತಾಳ ತಪ್ಪಿದ್ರ ಅವನಿಗೆ ಕಾಣಬಾರದಂತ, ಹೌದಲ್ರಿ?"

ಮಹಾನಂದಾ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೌದವ್ವಾ, ನಾನ ಮಾಡೇನಿ," ಅಂದ ಅಜ್ಜ. "ಕುಂಟೋ ಹೆಜ್ಜಿ ನನ್ನ ಹೆಸರಿನ್ಯಾಗ ಉಳೀಬಾರದಿತ್ತು. ನಾ ಸತ್ತ ಮ್ಯಾಲೂ ಗೊಂಬಿ ಕುಂಟತಿತ್ತು."

"ಹಂಗಿದ್ರ ಬ್ಯಾಡಾ ಅನ್ನಬೇಕಿತ್ತಲ್ರಿ!" ಎಂದು ನಾನು ರೇಗಿದೆ. ವಾಸೀಮನ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ ಇದು.

"ಮಗಳು ಆಸೆ ಇಟ್ಕೊಂಡಿದ್ಲು. ಎದುರಿಗೆ ಹೇಳಾಕ ಬಾಯಿ ಬರಲಿಲ್ಲ."

ವಿರೂಪಾಕ್ಷ ಮಂಚದ ಬುಡಕ್ಕೆ ಬಂದು ಕೂತ. "ಕಾಲು ಎತ್ತೂದು ಬ್ಯಾಡ್ರಿ ಗುರುಗಳ. ಬಾಯಿಲೆ ಹೇಳ್ರಿ. ನಾ ಹಾಕತೇನಿ, ತಪ್ಪಿದ್ರ ಬೈರಿ. ಇನ್ನೂ ಒಂದು ತಾಸೈತಿ."

ಅಜ್ಜ ಹೇಳಿದ, ಇವನು ಹಾಕಿದ. ಒಂದು, ಎರಡು, ಐದರವರೆಗೂ ಸರಿಯಾಗಿ ಬಂತು. ವಾಸೀಮ್ ಸದ್ದಿಲ್ಲದೆ ಆರರ ಲೆನ್ಸು ಹಾಕಿ ಸ್ವಿಚ್ ಒತ್ತಿದ್ದ. ಅಲ್ಲಾ, ಈ ಕುಣಿತ ಉಳಿಯಿತಲ್ಲ ಅಂದುಕೊಂಡೆ ನಾನು. ಆರನೆಯದಕ್ಕೆ ಅಜ್ಜನ ಬೆರಳು ಗಾಳಿಯಲ್ಲೇ ನಿಂತಿತು. ಮತ್ತೆ ಒಂದರಿಂದ ಶುರು ಮಾಡಿದ. ಮತ್ತೆ ಅಲ್ಲೇ ನಿಂತ. ಮೂರನೆಯ ಸಲವೂ ಹಾಗೇ ಆಯಿತು.

"ಬಾಯಿಗೆ ಗೊತ್ತಿಲ್ಲೋ ತಮ್ಮಾ," ಎಂದು ಅತ್ತ. "ಕಾಲಿಗಷ್ಟ ಗೊತ್ತಿತ್ತು."

ಆಸ್ಪತ್ರೆಯ ಗಾಡಿ ಬಂತು. ನಾನೂ ವಿರೂಪಾಕ್ಷನೂ ಅವನನ್ನು ಎತ್ತಿ ಒಳಗೆ ಮಲಗಿಸಿದೆವು.