ಕತ್ತರಿಸದೆ ಉಳಿದ ಮಾತು

"ಯಾರಾದ್ರೂ ಇದ್ದೀರಾ?"

ಬಾಗಿಲಲ್ಲಿ ನಿಂತು ಅವನು ಕೇಳಿದ. ಕೈಯಲ್ಲಿದ್ದ ಬಿಳಿ ಕೋಲು ಹೊಸ್ತಿಲಿಗೆ ತಾಗಿ ನಿಂತಿತ್ತು.

ಇದ್ದಳು. ಒಂದೇ ಒಂದು ಮೇಜಿನ ಆಚೆ, ಸ್ಕ್ಯಾನರ್ ಮುಂದೆ, ತೆರೆದ ಪುಸ್ತಕದ ಮೇಲೆ ಅಂಗೈ ಊರಿಕೊಂಡು ಕೂತಿದ್ದಳು. 'ಇದ್ದೀನಿ, ಬನ್ನಿ' ಅಂದರೆ ಮುಗಿಯಿತು, ಎಷ್ಟರ ಮಾತು! ಆದರೆ ಆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಬಾಯಿ ತೆರೆದಿತ್ತು, ದವಡೆ ಬಿಗಿದಿತ್ತು, ಸದ್ದು ಮಾತ್ರ ಇಲ್ಲ.

"ಉಸಿರಾಡೋದು ಕೇಳಿಸ್ತಿದೆ," ಅಂದ ಅವನು. ದನಿ ಗಡುಸಾಗಿತ್ತು. "ಕಣ್ಣಿರೋರಿಗೆ ಒಂದು ನಗು ಸಾಕು, ಎದುರಿಗೆ ಯಾರಿದ್ದಾರೆ ಅಂತ ಗೊತ್ತಾಗುತ್ತೆ. ನನಗೆ ಮಾತೇ ಬೇಕು. ಅದನ್ನೂ ಕೊಡೋಕಾಗಲ್ಲ ಅಂದ್ರೆ ಈ ಕೋಣೆ ಯಾರಿಗೋಸ್ಕರ?"

ಅವಳ ಕಣ್ಣು ತುಂಬಿ ಬಂತು. ಅವನಿಗೆ ಅದೂ ಕಾಣುವಂತಿರಲಿಲ್ಲ.

ಅದು ಕಾಲೇಜಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿದ್ದ ಕೋಣೆ. ಕಣ್ಣು ಕಾಣದವರು, ಪುಟ ತಿರುಗಿಸಲು ಕೈ ಸಹಕರಿಸದವರು, ಅಕ್ಷರ ಕಂಡರೆ ಗೋಜಲಾಗುವವರು, ಇಂಥ ವಿದ್ಯಾರ್ಥಿಗಳಿಗಾಗಿ ಅಲ್ಲಿ ಪುಸ್ತಕಗಳ ರೂಪ ಬದಲಾಗುತ್ತಿತ್ತು. ಒಬ್ಬರಿಗೆ ದಪ್ಪಕ್ಷರ, ಒಬ್ಬರಿಗೆ ಬ್ರೈಲ್, ಇನ್ನೊಬ್ಬರಿಗೆ ಧ್ವನಿಮುದ್ರಣ. ಮೂಲೆಯ ಬ್ರೈಲ್ ಪ್ರಿಂಟರ್ ಶುರುವಾದರೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಅವಳಿಗೆ ಆ ಗದ್ದಲ ಇಷ್ಟ. ಅದು ನಡೆಯುವಷ್ಟು ಹೊತ್ತು ಯಾರೂ ಅವಳಿಂದ ಮಾತು ನಿರೀಕ್ಷಿಸುತ್ತಿರಲಿಲ್ಲ.

ಕೋಣೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಸಂಬಂಧದಲ್ಲಿ ಯಾರಿಗೂ ದೊಡ್ಡಮ್ಮನಲ್ಲ, ಬೈಯುವುದರಲ್ಲಿ ಮಾತ್ರ ಎಲ್ಲರಿಗೂ. ಅವರು ಒಳಗೆ ಬಂದು, ಬಂದವನನ್ನು ಕೂರಿಸಿ, ದೂರು ಕೇಳಿದರು. ಅವನು ಹಗಲು ಆಸ್ಪತ್ರೆಯ ಟೆಲಿಫೋನ್ ವಿಭಾಗದಲ್ಲಿ ಕೆಲಸ ಮಾಡಿ, ಸಂಜೆ ಕಾನೂನು ಓದುತ್ತಿದ್ದ. ಪರೀಕ್ಷೆ ಇನ್ನೂ ಪಾಸಾಗಿರಲಿಲ್ಲ, ಆದರೆ ಎಲ್ಲದಕ್ಕೂ ವಾದ ಹೂಡುವ ಗುಣಕ್ಕೆ ಸಹಪಾಠಿಗಳು ಆಗಲೇ 'ವಕೀಲರು' ಅಂತ ಹೆಸರಿಟ್ಟಿದ್ದರು. ಯಾರೋ ಒಂದು ಇಡೀ ಅಧ್ಯಾಯವನ್ನು ಬರೀ ಫೋಟೋ ತೆಗೆದಂತೆ ಸ್ಕ್ಯಾನ್ ಮಾಡಿ ಕೊಟ್ಟಿದ್ದರಂತೆ. ಕಂಪ್ಯೂಟರಿನ ಓದುವ ದನಿಗೆ ಅದರಲ್ಲಿ ಅಕ್ಷರವೇ ಸಿಗದೆ, ಪ್ರತಿ ಪುಟಕ್ಕೂ 'ಖಾಲಿ, ಖಾಲಿ' ಅನ್ನುತ್ತಿತ್ತಂತೆ.

ಸರಿಮಾಡಿಸಿ ಕೊಡುವುದಾಗಿ ದೊಡ್ಡಮ್ಮ ಒಪ್ಪಿಕೊಂಡರು. ಹೊರಡುವಾಗ ಅವನು ತಿರುಗಿ ನಿಂತ.

"ಹೋದ ತಿಂಗಳು ಒಂದು ಪುಸ್ತಕ ಓದಿ ರೆಕಾರ್ಡ್ ಮಾಡಿ ಕಳಿಸಿದ್ರಲ್ಲ... ಅದನ್ನ ಓದಿದವರು ಯಾರು?" ಈಗ ಅವನ ದನಿಯೇ ಬೇರೆಯಾಗಿತ್ತು. "ಕೇಸಿನಲ್ಲಿ ಸೋತವನ ಹೇಳಿಕೆ ಬಂದಾಗ ಅವರು ಸ್ವಲ್ಪ ನಿಧಾನ ಮಾಡ್ತಾರೆ. ಕಾನೂನು ಪುಸ್ತಕವನ್ನ ಹಾಗೆ ಓದೋರು ಇದ್ದಾರೆ ಅಂತಾನೇ ನನಗೆ ಗೊತ್ತಿರಲಿಲ್ಲ. ಅವರಿಗೆ ಒಂದು ಥ್ಯಾಂಕ್ಸ್ ಹೇಳಬೇಕಿತ್ತು."

ದೊಡ್ಡಮ್ಮ ಅವಳ ಕಡೆ ನೋಡಿದರು. ಅವಳು ಬೇಡ, ಬೇಡ ಎಂದು ತಲೆಯಾಡಿಸಿದಳು.

"ಹೊರಗಿನಿಂದ ಬಂದು ಓದಿ ಹೋಗ್ತಾರೆ," ಅಂದರು ದೊಡ್ಡಮ್ಮ, ಒಲ್ಲದ ಮನಸ್ಸಿನಿಂದ. "ಹೇಳ್ತೀನಿ ಬಿಡಿ."

ಓದಿದವಳು ಅವಳೇ. ಮಾತಾಡಲು ಹೊರಟರೆ ಅಕ್ಷರ ಅಕ್ಷರಕ್ಕೂ ಉಗ್ಗುವ ಅವಳ ನಾಲಿಗೆ, ಪುಸ್ತಕ ಕೈಗೆ ಬಂದರೆ ಸರಾಗವಾಗಿ ಹರಿಯುತ್ತಿತ್ತು. ಹೊರಗಿನ ಸದ್ದು ತಡೆಯಲು ಮೊಟ್ಟೆಯ ಟ್ರೇಗಳನ್ನೂ ಹಳೆಯ ಕಂಬಳಿಗಳನ್ನೂ ಗೋಡೆಗೆ ಬಡಿದು ಮಾಡಿದ ಆ ಪುಟ್ಟ ರೆಕಾರ್ಡಿಂಗ್ ಗೂಡಿನಲ್ಲಿ ಅವಳು ಬೇರೆಯೇ ಹೆಣ್ಣು. ಅಲ್ಲಿ ಮಾತು ತನ್ನದಲ್ಲವಲ್ಲ, ಇನ್ನೊಬ್ಬರದು... ಅದಕ್ಕೇ ಹೆದರಿಕೆಯಿಲ್ಲ. ಆದರೂ ಎಲ್ಲಾದರೊಂದು ಕಡೆ ನಾಲಿಗೆ ತೊಡರಿದರೆ, ಮುಗಿದ ಮೇಲೆ ಪೂರ್ತಿ ಕೇಳಿಸಿಕೊಂಡು ಆ ತುಣುಕನ್ನು ಕತ್ತರಿಸಿ ಎಸೆಯುತ್ತಿದ್ದಳು. ಕೇಳುವವರಿಗೆ ಸಿಗುತ್ತಿದ್ದುದು ಕಲೆಯಿಲ್ಲದ ದನಿ.

ಮನೆಯಲ್ಲಿ ಅಕ್ಕ, ಭಾವ. ಇಬ್ಬರಿಗೂ ಅವಳೆಂದರೆ ಪ್ರಾಣ. ಅವಳು "ಉ..." ಅಂದರೆ ಅಕ್ಕ ಉಪ್ಪಿನ ಡಬ್ಬಿ ತಂದಿಡುತ್ತಿದ್ದಳು. "ನಾ..." ಅಂದರೆ "ನಾಳೆ ರಜಾನಾ? ಒಳ್ಳೇದಾಯ್ತು ಬಿಡು," ಅನ್ನುತ್ತಿದ್ದರು ಭಾವ. ಅವಳು ಹೇಳಹೊರಟಿದ್ದು ನಾಯಿ ಮರಿ ಹಾಕಿದ ಸುದ್ದಿ. ಅಕ್ಕರೆಯಿಂದಲೇ ಅವರು ಅವಳ ಬಾಯಿಂದ ಮಾತು ಕಿತ್ತುಕೊಳ್ಳುತ್ತಿದ್ದರು. ಎಷ್ಟೋ ವರ್ಷಗಳಿಂದ ಅವಳು ಶುರುಮಾಡಿದ್ದನ್ನು ಬೇರೆ ಯಾರೋ ಮುಗಿಸುತ್ತಿದ್ದರು. ಕೊನೆಗೆ ಅವಳು ಶುರುಮಾಡುವುದನ್ನೇ ಬಿಟ್ಟಳು.

ಅವನು ವಾರಕ್ಕೊಮ್ಮೆ ಬರತೊಡಗಿದ. ಅವಳು ಪೆನ್‌ಡ್ರೈವನ್ನು ಅವನ ಅಂಗೈಯಲ್ಲಿಟ್ಟು, ಮೇಜನ್ನು ಮೆಲ್ಲಗೆ ತಟ್ಟುತ್ತಿದ್ದಳು. 'ತಗೊಳ್ಳಿ' ಅಂತ ಅದರ ಅರ್ಥ.

"ಉಪಕಾರವಾಯ್ತು, ಮೌನಿ ಮೇಡಂ," ಅನ್ನುತ್ತಿದ್ದ ಅವನು. ಆ 'ಮೇಡಂ'ನಲ್ಲಿ ಗೌರವಕ್ಕಿಂತ ಮುಳ್ಳೇ ಜಾಸ್ತಿ ಇರುತ್ತಿತ್ತು.

ಆಮೇಲೆ ದೊಡ್ಡಮ್ಮನ ಹತ್ತಿರ ಕೂತು, ಓದುವವಳಿಗೆ ಸುದ್ದಿ ಹೇಳಿ ಕಳಿಸುತ್ತಿದ್ದ. ಅಡಿಟಿಪ್ಪಣಿಗಳನ್ನು ವಾಕ್ಯದ ನಡುವೆ ತುರುಕದೆ ಕೊನೆಯಲ್ಲಿ ಓದಿದ್ದು ಎಷ್ಟು ಚೆನ್ನಾಯಿತು ಅಂತ. ಅವರಿಗೆ ನೆಗಡಿಯಾಗಿತ್ತಲ್ಲ, ಈಗ ವಾಸಿಯಾಯಿತಾ ಅಂತ. ಒಮ್ಮೆಯಂತೂ, ಇಡೀ ದಿನ ಫೋನಿನಲ್ಲಿ ಜನರ ಗೋಳು ಕೇಳಿ ಸುಸ್ತಾಗಿ ಮನೆಗೆ ಹೋದಾಗ ಆ ದನಿಯೊಂದೇ ತನಗೆ ಆಸರೆ ಅಂದುಬಿಟ್ಟ.

ಇದನ್ನೆಲ್ಲ ಅವಳು ಅಲ್ಲೇ ನಿಂತು ಕೇಳುತ್ತಿದ್ದಳು. ತನ್ನ ದನಿಯ ಮೇಲೆ ತನಗೇ ಹೊಟ್ಟೆಕಿಚ್ಚು! ದನಿಗೆ ಪ್ರೀತಿ, ದನಿಯ ಒಡತಿಗೆ ಮೂದಲಿಕೆ... ಇಂಥ ಪಾಡು ಯಾರಿಗೆ ಬಂದೀತು? ಹಾಗಿದ್ದರೂ ಮರುದಿನ ಗೂಡಿಗೆ ಹೋಗಿ ಮೈಕಿನ ಮುಂದೆ ಕೂತಾಗ, ಒಣ ಕಾನೂನಿನ ಒಂದೊಂದು ವಾಕ್ಯವನ್ನೂ ಅವಳು ಅವನೊಬ್ಬನಿಗೇ ಹೇಳುವಂತೆ ಓದುತ್ತಿದ್ದಳು.

ಎಡವಿದ್ದು ಕರಾರು ಕಾನೂನಿನ ಅಧ್ಯಾಯದಲ್ಲಿ.

ಅಂದು ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡು ಕೋಣೆಯೆಲ್ಲ ಗಲಾಟೆ. ದೊಡ್ಡಮ್ಮ ಗೂಡಿನ ಬಾಗಿಲು ತೆರೆದು, ಏನು ಮಾಡೋದೇ ಇದಕ್ಕೆ ಅಂತ ಕೂಗಿದರು. ಅವಳು ಓದುತ್ತಿದ್ದವಳು ಹಾಗೇ ತಿರುಗಿ ಉತ್ತರ ಕೊಟ್ಟಳು. ರೆಕಾರ್ಡಿಂಗ್ ನಿಲ್ಲಿಸುವುದು ಮರೆತೇಹೋಯಿತು. ಸಂಜೆ ಎಲ್ಲವನ್ನೂ ಕೇಳಿ ಕತ್ತರಿಸಬೇಕು ಅನ್ನುವಷ್ಟರಲ್ಲಿ, ಅಕ್ಕ ಸ್ನಾನದ ಮನೆಯಲ್ಲಿ ಜಾರಿ ಬಿದ್ದಳೆಂದು ಭಾವನ ಫೋನ್ ಬಂತು. ಅವಳು ಆ ಫೈಲನ್ನು ಇದ್ದಹಾಗೇ ಇಮೇಲಿನಲ್ಲಿ ಕಳಿಸಿ ಓಡಿದಳು. ಅಕ್ಕನಿಗೆ ಕಾಲು ಉಳುಕಿತ್ತು, ಅಷ್ಟೇ.

ಮುಂದಿನ ವಾರ ಅವನು ಬರಲಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿ ಇಷ್ಟೇ ಹೇಳಿದ್ದ: ಇನ್ನು ಮುಂದೆ ಓದಿ ರೆಕಾರ್ಡ್ ಮಾಡುವುದು ಬೇಡ, ಸರಿಪಡಿಸಿದ ಅಕ್ಷರದ ಫೈಲ್ ಸಾಕು, ಕಂಪ್ಯೂಟರೇ ಓದಿಕೊಳ್ಳುತ್ತೆ.

ಏನಾಯಿತು? ತಪ್ಪು ಓದಿದೆನಾ? ಅವಳು ಕಳಿಸಿದ ಫೈಲನ್ನು ತೆರೆದು ಕೇಳತೊಡಗಿದಳು. ಮಧ್ಯದಲ್ಲಿ ಬಾಗಿಲ ಸದ್ದು, ದೊಡ್ಡಮ್ಮನ ಕೂಗು, ಆಮೇಲೆ ತನ್ನದೇ ದನಿ...

"ಕ... ಕ... ಕಾಗದ ಸಿ... ಸಿಕ್ಕಿ..."

ಹೆಡ್‌ಫೋನ್ ಕಿತ್ತಿಟ್ಟು ಅವಳು ಗೂಡಿನೊಳಗೇ ಗೋಡೆಗೆ ಒರಗಿ ಕೂತಳು.

'ಕೇಳಿಬಿಟ್ಟ. ಅವನಿಗೂ ಬೇಡವಾಯಿತು.'

ಆವತ್ತಿನಿಂದ ಅವಳು ಗೂಡಿಗೆ ಕಾಲಿಡಲಿಲ್ಲ. ಬರೀ ಸ್ಕ್ಯಾನ್, ಬರೀ ತಿದ್ದುವುದು. ಅವನ ಪುಸ್ತಕಗಳನ್ನೂ ತಿದ್ದಿದಳು. ಯಂತ್ರ ಎಲ್ಲೂ ಮುಗ್ಗರಿಸದಂತೆ, ಎರಡು ಕಾಲಂಗಳು ಒಂದರೊಳಗೊಂದು ಕಲೆಸಿಹೋಗದಂತೆ, ಕೋಷ್ಟಕಗಳು ಸಾಲುಸಾಲಾಗಿ ಕೇಳಿಸುವಂತೆ ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ತಿದ್ದಿದಳು. ಅವನು ಪಾಸಾಗಬೇಕು, ಅಷ್ಟೇ. ಫೈಲುಗಳು ಈಗ ಇಮೇಲಿನಲ್ಲೇ ಹೋಗುತ್ತಿದ್ದವು.

ಇನ್ನು ಯಾರಿಗೂ ಓದುವುದಿಲ್ಲ ಎಂದು ಅವಳು ದೊಡ್ಡಮ್ಮನಿಗೆ ಕಷ್ಟಪಟ್ಟು ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವನು ಬೇಡ ಅಂದಿದ್ದು ನಿನ್ನ ಉಗ್ಗಿಗೆ ಅಂತ ನಿನಗೆ ಹೇಳಿದ್ಯಾರು? ನಿನ್ನ ಮಾತನ್ನ ಬೇರೆಯವರು ಮುಗಿಸಿದ್ರೆ ನಿನಗೆ ಉರಿಯುತ್ತೆ. ಅವನ ಮಾತನ್ನ ನೀನೇ ಮುಗಿಸ್ತಿದ್ದೀಯಲ್ಲೇ."

ಆ ಮಾತು ಎದೆಗೆ ನಾಟಿತು. ಆದರೂ ಕೇಳುವ ಧೈರ್ಯ ಎಲ್ಲಿಂದ ತರುವುದು? ಒಂದು ಪ್ರಶ್ನೆ ಕೇಳಬೇಕಾದರೂ ಅದೇ ಹಾಳು ನಾಲಿಗೆ ಬೇಕಲ್ಲ.

ಪರೀಕ್ಷೆಗಳು ಮುಗಿದವು. ಗ್ರಂಥಾಲಯ ಭಣಗುಟ್ಟುತ್ತಿದ್ದ ಒಂದು ಮಧ್ಯಾಹ್ನ, ದೊಡ್ಡಮ್ಮ ಕಾಗದದ ಕಟ್ಟು ತರಲು ಮೇಲೆ ಹೋಗಿದ್ದಾಗ, ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿಸಿತು. ಅವಳಿಗೆ ಆ ಸದ್ದು ಯಾರದೆಂದು ಗೊತ್ತು.

"ಯಾರಾದ್ರೂ ಇದ್ದೀರಾ?"

ಅದೇ ಬಾಗಿಲು, ಅದೇ ಮಾತು. ಅವಳ ಬಾಯಿ ತೆರೆಯಿತು, ದವಡೆ ಬಿಗಿಯಿತು.

ಅವನು ಸಿಡುಕಲಿಲ್ಲ. ಕೈಯಿಂದ ತಡವಿ ಕುರ್ಚಿ ಹುಡುಕಿ ಕೂತ. ಕೋಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ.

"ಅವಸರ ಇಲ್ಲ," ಅಂದ. "ಕಾಯ್ತೀನಿ."

ಆಮೇಲೆ ನಿಜಕ್ಕೂ ಕಾದ. ಗಂಟಲು ಕೆರೆಯಲಿಲ್ಲ, ಪಾಪ ಅನ್ನಲಿಲ್ಲ, ಇನ್ನೊಂದು ಮಾತು ತಂದು ಮಧ್ಯೆ ಹಾಕಲಿಲ್ಲ. ಗೋಡೆ ಗಡಿಯಾರ ತನ್ನ ಪಾಡಿಗೆ ನಡೆಯುತ್ತಿತ್ತು. ಅಷ್ಟು ಹೊತ್ತು ಅವಳಿಗಾಗಿ ಯಾರೂ ಕೂತಿದ್ದಿಲ್ಲ.

"ಇ... ಇ... ಇದ್ದೀನಿ."

ಅವನು ತಲೆ ತಗ್ಗಿಸಿದ. ಆಮೇಲೆ ಹೇಳಿದ:

"ಮೊದಲನೇ ದಿನ ಇಷ್ಟು ಹೊತ್ತು ಕಾದಿದ್ರೆ ಅವತ್ತೇ ಕೇಳಿಸ್ತಿತ್ತು. ಆ ಫೈಲಲ್ಲಿ ಕಾಗದ ಸಿಕ್ಕಿಕೊಂಡ ಮಾತು ಕೇಳಿದಾಗ ಎಲ್ಲ ಅರ್ಥವಾಯ್ತು, ಓದೋರೂ ನೀವೇ, ಅವತ್ತು ಮಾತಾಡದೆ ಇದ್ದೋರೂ ನೀವೇ ಅಂತ. ನನ್ನನ್ನ ನೋಡಿ ಯಾರಾದ್ರೂ ಅಯ್ಯೋ ಅಂದ್ರೆ ಮೈಮೇಲೆ ಹೋಗೋನು ನಾನು. ನಿಮ್ಮನ್ನ ಮೌನಿ ಅಂತ ಆಡಿಕೊಂಡೆ... ಕ್ಷಮಿಸಿ ಅನ್ನೋದು ಫೋನಿನಲ್ಲಿ, ಇನ್ನೊಬ್ಬರ ಮೂಲಕ ಹೇಳೋ ಮಾತಲ್ಲ. ಅದಕ್ಕೇ ಬಂದೆ."

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒಳಗೆ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಲೇಬೇಕಿತ್ತು.

"ಮ... ಮತ್ತೆ... ರೆ... ರೆಕಾರ್ಡಿಂಗ್... ಬೇ... ಬೇಡ ಅಂದ್ರಲ್ಲ?"

ಅವನು ಚೀಲದಿಂದ ತನ್ನ ಪುಟ್ಟ ಪ್ಲೇಯರನ್ನು ತೆಗೆದು ಒಂದು ಗುಂಡಿ ಒತ್ತಿದ. ಯಾರೋ ಗಂಡಸಿನ ದನಿ ಹೊರಟಿತು. ಅವಳಿಗೆ ಒಂದು ಪದವೂ ತಿಳಿಯಲಿಲ್ಲ, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಬರೀ ಚಟಪಟ.

"ನಾವೆಲ್ಲ ಹೀಗೇ ಕೇಳೋದು. ಮೂರು ಪಟ್ಟು ವೇಗ. ಯಂತ್ರದ ದನಿ ಆಗಲಿ, ಮೇಷ್ಟ್ರ ಪಾಠ ಆಗಲಿ, ಓಡಿಸಿಬಿಡ್ತೀವಿ. ಇಲ್ಲದಿದ್ರೆ ಕಣ್ಣಿರೋರ ಸಮಕ್ಕೆ ಓದಿ ಮುಗಿಸೋಕಾಗಲ್ಲ." ಇನ್ನೊಂದು ಗುಂಡಿ ಒತ್ತಿದ. ಈಗ ಬಂದಿದ್ದು ಅವಳ ದನಿ. ಓದಿದ ವೇಗದಲ್ಲೇ, ಸೋತವನ ಹೇಳಿಕೆಗೆ ನಿಧಾನವಾಗುತ್ತ... "ಇದನ್ನ ಓಡಿಸೋಕೆ ನನಗೆ ಮನಸ್ಸೇ ಬರಲಿಲ್ಲ. ಪರೀಕ್ಷೆ ಎದುರಿಗಿತ್ತು, ಅರ್ಧ ಪಾಠ ಹಾಗೇ ಬಾಕಿ ಇತ್ತು. ನೀವು ಓದಿದ್ದನ್ನ ಒಂದು ಸಲ ಕೇಳಿ ಮುಗಿಸ್ತಿರಲಿಲ್ಲ, ಮತ್ತೆ ಹಿಂದಕ್ಕೆ ಹೋಗ್ತಿದ್ದೆ. ಪಾಠ ಕೇಳ್ತಿದ್ನೋ ನಿಮ್ಮನ್ನ ಕೇಳ್ತಿದ್ನೋ ನನಗೇ ಗೊತ್ತಿಲ್ಲ. ಹೀಗೇ ಆದ್ರೆ ಫೇಲಾಗೋದು ಖಂಡಿತ ಅನ್ನಿಸಿ, ಬೇಡ ಅಂದೆ."

ಅವಳು ಪ್ಲೇಯರನ್ನೇ ನೋಡುತ್ತ ನಿಂತಳು. ಇಷ್ಟು ದಿನ ಅವಳು ತನ್ನನ್ನು ತಾನೇ ಸುಟ್ಟುಕೊಂಡಿದ್ದಕ್ಕೆ ಕಾರಣ ಇದಾ?

"ಇನ್ನೊಂದು ಮಾತು," ಅಂದ ಅವನು. ವಾದ ಮಾಡುವ ಆ ದನಿ ಈಗ ನಡುಗುತ್ತಿತ್ತು. "ಆ ಫೈಲಲ್ಲಿ ನಾನು ಜಾಸ್ತಿ ಸಲ ಕೇಳಿದ್ದು ಕರಾರು ಕಾನೂನು ಅಲ್ಲ, ಕಾಗದದ ಮಾತು. ನಿಮ್ಮ ದನಿಯಲ್ಲಿ ನಿಮ್ಮದೇ ಅಂತ ನನಗೆ ಸಿಕ್ಕಿದ್ದು ಅದೊಂದೇ. ಮಿಕ್ಕಿದ್ದೆಲ್ಲ ಪುಸ್ತಕ ಬರೆದವರದು. ನನಗೆ ನಿಮ್ಮ ಮಾತು ಬೇಕು. ದಿನಾ ಬೇಕು. ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಮೇಜು ಬಳಸಿ ಬಂದು ಅವನ ಎದುರಿಗೆ ನಿಂತಳು. ಮೇಜು ತಟ್ಟಿದರೂ ಸಾಕಿತ್ತು, ಅವನಿಗೆ ಅರ್ಥವಾಗುತ್ತಿತ್ತು. ಬೇಡ. ಇದನ್ನು ಬಾಯಿಬಿಟ್ಟೇ ಹೇಳಬೇಕು.

"ನಾ... ನಾನೂ ನಿ... ನಿಮ್ಮನ್ನ..."

ಅಲ್ಲಿಗೆ ನಿಂತಿತು. ಮುಂದಿನ ಪದ ತುಟಿಯ ಮೇಲೇ ಇತ್ತು, ಹೊರಗೆ ಬರಲೊಲ್ಲದು. ಅದೇ ಹೊತ್ತಿಗೆ ಕಾಗದದ ಕಟ್ಟು ಹೊತ್ತು ದೊಡ್ಡಮ್ಮ ಬಾಗಿಲಿಗೆ ಬಂದರು. ಒಂದೇ ನೋಟಕ್ಕೆ ಅವರಿಗೆ ಎಲ್ಲ ತಿಳಿಯಿತು. ಹೇಳಿಕೊಡಲು ಬಾಯಿ ತೆರೆದೇಬಿಟ್ಟಿದ್ದರು. ಹೆಜ್ಜೆ ಸದ್ದು ಗುರುತಿಸಿ ಅವನು ಕೈ ಎತ್ತಿ ತಡೆದ. ದೊಡ್ಡಮ್ಮ ಬಾಯಿ ಮುಚ್ಚಿಕೊಂಡು, ಕಟ್ಟನ್ನು ಅವುಚಿಕೊಂಡು ಅಲ್ಲೇ ನಿಂತರು.

ಆ ಪದ ಏನೆಂದು ಅವನಿಗೂ ಗೊತ್ತಿತ್ತು. ಈಗಷ್ಟೇ ತಾನು ಆಡಿದ್ದ ಪದ ಅದು. ಅವನು ಅದನ್ನು ಮುಗಿಸಲಿಲ್ಲ. ಮುಖವನ್ನು ಅವಳ ಕಡೆ ಎತ್ತಿಕೊಂಡು ಕಾದ.

"ಪ್ರೀ... ಪ್ರೀ... ಪ್ರೀತಿಸ್ತೀನಿ."

ಮುಗಿಸಿದ್ದು ಅವಳೇ. ಮೊದಲಿನಿಂದ ಕೊನೆಯವರೆಗೂ ಅವಳೇ. ಅವಳು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಗಾಳಿಯಲ್ಲಿ ಚಾಚಿದ್ದ ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು.

"ಇನ್ನೊಂದು ಸಲ ಹೇಳ್ತೀರಾ?" ಅಂದ ಅವನು ಮೆಲ್ಲಗೆ. "ಹೀಗೇ. ಏನನ್ನೂ ಕತ್ತರಿಸಬೇಡಿ."

"ಕ... ಕ... ಕತ್ತರಿಸಲ್ಲ," ಅಂದಳು ಅವಳು.